ನಾಲ್ಕನೇ ನೀರು

"ಅಲ್ಲ ದೊಡ್ಡಕ್ಕ, ಈ ಮೂರನೇ ಮೆಷಿನ್ನಿನ ಹೊಟ್ಟೇಲಿ ಬಕಾಸುರ ಏನಾದ್ರೂ ಕೂತಿದಾನಾ? ಕುಡೀಬೇಕಾದ್ದಕ್ಕಿಂತ ಕಾಲು ಭಾಗ ಜಾಸ್ತಿ ನೀರು ಕುಡೀತಿದೆಯಲ್ಲ!"

ಹಾಗೆಂದವಳು ಮೀಟರಮ್ಮ. ಒದ್ದೆ ನೆಲದ ಮೇಲೆ ಮಂಡಿಯೂರಿ, ಪೈಪಿಗೆ ತಾನೇ ಹಾಕಿಸಿದ ಹೊಸ ಮೀಟರಿನ ಗಾಜನ್ನು ತೋಳಿನಿಂದ ಒರೆಸುತ್ತಿದ್ದಳು.

"ಹಳೇ ಮೆಷಿನ್ನು. ವಯಸ್ಸಾದವರಿಗೆ ದಾಹ ಜಾಸ್ತಿ" ಎಂದೆ ನಾನು.

"ಐದನೇದೂ ಇಷ್ಟೇ ಕುಡೀತಿದೆ. ಹಳೇದನ್ನ ತೆಗೆದು ಅದನ್ನ ಹಾಕಿ ಇನ್ನೂ ಒಂದು ವರ್ಷ ಆಗಿಲ್ವಂತೆ?"

"ದೊಡ್ಡವರನ್ನ ನೋಡಿ ಚಿಕ್ಕವರು ಕಲೀತಾರೆ."

ಅವಳು ನಕ್ಕಳು. ನಾನು ನಗಲಿಲ್ಲ. ಬಕಾಸುರ ಯಾರೆಂದು ನನಗೆ ಗೊತ್ತಿತ್ತು. ನಾನೇ.

ನಮ್ಮದು ದೊಡ್ಡ ಲಾಂಡ್ರಿ. ಮೂರು ಆಸ್ಪತ್ರೆಗಳ ಬೆಡ್‌ಶೀಟು, ದಿಂಬಿನ ಚೀಲ, ಡಾಕ್ಟರುಗಳ ಹಸಿರು ಬಟ್ಟೆ, ಎಲ್ಲ ಇಲ್ಲಿಗೇ ಬರುತ್ತವೆ. ಆರು ಮೆಷಿನ್ನು, ಒಂದು ಬಾಯ್ಲರು, ಮಡಿಸುವ ಮೇಜು ನಾಲ್ಕು, ಎರಡು ಪಾಳಿಗೆ ಸೇರಿ ಜನ ಮೂವತ್ತೆಂಟು. ನಾನು ಮೂರನೇ ಮೆಷಿನ್ನಿನವಳು. ಹದಿನಾರು ವರ್ಷದಿಂದ ಅದರ ಮುಂದೆಯೇ ನಿಂತಿದ್ದೇನೆ, ಹಾಗಾಗಿ ಶೆಡ್ಡಿಗೆಲ್ಲ ದೊಡ್ಡಕ್ಕ. ಮೀಟರಮ್ಮ ಹೊರಗಿನವಳು. ಹಿತ್ತಿಲ ಬಾವಿಯ ನೀರು ಇಳಿಯುತ್ತ ಇಳಿಯುತ್ತ, ಮೋಟರು ನೀರಿನ ಬದಲು ಗಾಳಿ ಎಳೆಯಲು ಶುರುಮಾಡಿದ ಮೇಲೆ ಯಜಮಾನರು ಹೆದರಿ ಅವಳನ್ನು ಕರೆಸಿದ್ದರು. ನೀರು, ಉಗಿ, ಕರೆಂಟು ಎಲ್ಲೆಲ್ಲಿ ದಂಡವಾಗುತ್ತಿದೆ ಎಂದು ಹುಡುಕಿ ಕಡಿಮೆ ಮಾಡಿಸುವುದೇ ಅವಳ ಕಸುಬು. ಬಂದ ವಾರದಲ್ಲೇ ಕಂಡ ಕಂಡ ಪೈಪಿಗೆಲ್ಲ ಮೀಟರು ಕಟ್ಟಿದಳು. ಹೆಸರು ತಾನಾಗಿ ಬಂತು.

ಒಂದು ಲೋಡು ಬಟ್ಟೆ ಎಂದರೆ ಸೋಪಿನ ನೀರು ಒಂದು, ಆಮೇಲೆ ಜಾಲಿಸುವ ನೀರು ಮೂರು. ನಾವು ಅವನ್ನು ಒಂದನೇ ನೀರು, ಎರಡನೇ ನೀರು, ಮೂರನೇ ನೀರು ಎನ್ನುತ್ತೇವೆ. ಮೂರನೇ ನೀರು ಇಳಿದರೆ ಬಟ್ಟೆ ಮುಗಿಯಿತು. ಮುಗಿದ ಮೇಲೆ ನಾನು ಹಸಿರು ಗುಂಡಿಯನ್ನು ಇನ್ನೊಂದು ಸಲ ಒತ್ತುತ್ತಿದ್ದೆ. ನಾಲ್ಕನೇ ನೀರು. ಅದು ಬಟ್ಟೆಗೆ ಬೇಕಾದ ನೀರಲ್ಲ. ಇಸ್ತ್ರಿಗೆಂದು ಬಿಟ್ಟ ನೀರು.

ಇಸ್ತ್ರಿ ಎಂದರೆ ನಮ್ಮ ಮ್ಯಾನೇಜರು. ಅವನ ಅಂಗಿಯ ಮೇಲೆ ನೊಣ ಕೂತರೆ ಜಾರಿ ಬೀಳಬೇಕು, ಅಷ್ಟು ಗರಿಗರಿ. ಕೂತರೆ ಪ್ಯಾಂಟು ಮಡಿಕೆ ಬೀಳುತ್ತದೆಂದು ಊಟವನ್ನೂ ನಿಂತೇ ಮಾಡುವವನು. ಎರಡು ವರ್ಷದ ಹಿಂದೆ ಒಂದು ದಿನ ಆಸ್ಪತ್ರೆಯವರು ಒಂದು ಗಂಟು ಬಟ್ಟೆ ವಾಪಸು ಕಳಿಸಿದರು. ಶೀಟಿನಲ್ಲಿ ಸೋಪು ಉಳಿದಿದೆ, ಮಲಗಿದವರಿಗೆಲ್ಲ ಮೈ ತುರಿಕೆ ಎಂದು ಚೀಟಿ ಬರೆದಿದ್ದರು. ಗಂಟು ನನ್ನ ಮೆಷಿನ್ನಿನದು. ಬೆಳಗಿನ ಪಾಳಿ ಬಿಟ್ಟು ಮಧ್ಯಾಹ್ನದ ಪಾಳಿ ಬರುವ ಹೊತ್ತಿಗೆ ಸರಿಯಾಗಿ ಇಸ್ತ್ರಿ ನನ್ನನ್ನು ಗೇಟಿನ ಹತ್ತಿರ ಕರೆದ. ಒಂದು ಶೀಟನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ನೊರೆ ತೋರಿಸಿದ. ತೋರಿಸಿದ ಮೇಲೆ ಆ ಒದ್ದೆ ಶೀಟನ್ನು ನನ್ನ ಹೆಗಲ ಮೇಲೆ ಹೊದಿಸಿ, "ಹೀಗೇ ನಿಂತ್ಕೋ. ಎಲ್ಲರೂ ನೋಡ್ಲಿ, ಇದು ಯಾರ ಕೈ ಒಗೆದಿದ್ದು ಅಂತ" ಎಂದ.

ಇಪ್ಪತ್ತು ನಿಮಿಷ ನಿಂತೆ. ಹೋಗುವವರು, ಬರುವವರು ಎಲ್ಲ ನನ್ನ ಮುಂದೆಯೇ ಹಾದರು. ಮಡಿಸುವ ಮೇಜಿನಲ್ಲಿ ಕೆಲಸ ಮಾಡುವ ನನ್ನ ಅತ್ತಿಗೆ, ನನ್ನ ಅಣ್ಣನ ಹೆಂಡತಿ, ತಲೆ ತಗ್ಗಿಸಿಕೊಂಡು ಹೋದಳು. ಬಾಯ್ಲರು ನೋಡಿಕೊಳ್ಳುವ ನನ್ನ ಸೋದರಮಾವ ಒಂದು ಗಳಿಗೆ ನಿಂತ. "ನಡೀರಿ, ನಡೀರಿ, ಇದೇನು ನಾಟಕಾನಾ?" ಎಂದ ಇಸ್ತ್ರಿ. ಮಾವ ನಡೆದ. ನೀರು ನನ್ನ ಬೆನ್ನಿನಿಂದಿಳಿದು ಚಪ್ಪಲಿಯೊಳಗೆ ಸೇರಿ, ಆಮೇಲೆ ಮನೆಗೆ ಹೋಗುವಾಗ ಹೆಜ್ಜೆಹೆಜ್ಜೆಗೂ ಪಚಕ್ ಪಚಕ್ ಎನ್ನುತ್ತಿತ್ತು.

ಅಷ್ಟೇ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆನೋ ಏನೋ. ಆದರೆ ಆ ವಾರ ನನ್ನ ಮೆಷಿನ್ನಿನಲ್ಲಿ ಮೂರನೇ ನೀರೇ ಬರುತ್ತಿರಲಿಲ್ಲ. ಪಾಳಿಗೆ ಎರಡು ಲೋಡು ಹೆಚ್ಚು ಎಳೆದು ಯಜಮಾನರ ಮುಂದೆ ಮೀಸೆ ತಿರುವೋಣವೆಂದು ಇಸ್ತ್ರಿ ಮೂರು ನೀರನ್ನು ಎರಡಕ್ಕೆ ಇಳಿಸಿದ್ದ. ಮೆಷಿನ್ನಿನ ಪೆಟ್ಟಿಗೆ ತೆರೆದು ಅದನ್ನು ಬದಲಿಸುವ ಬೀಗದ ಕೈ ಇದ್ದದ್ದು ಒಂದೇ, ಅದು ಅವನ ಸೊಂಟದಲ್ಲೇ ತೂಗುತ್ತದೆ. "ನೀರು ಎರಡೇ ಸಲ ಬರ್ತಿದೆ ಸಾರ್" ಎಂದು ನಾನು ಮೊದಲೇ ಹೇಳಿದ್ದೆ. "ನಿನಗೆ ಎಣಿಸೋಕೆ ಬರುತ್ತಾ?" ಎಂದಿದ್ದ. ನನ್ನನ್ನು ನಿಲ್ಲಿಸಿದ ದಿನ ಸಂಜೆಯೇ ಸದ್ದಿಲ್ಲದೆ ಮತ್ತೆ ಮೂರಕ್ಕೆ ಏರಿಸಿದ. ಮಾರನೆಯ ದಿನ ಮೂರನೇ ನೀರು ದಡದಡ ಇಳಿಯುವುದನ್ನು ಕೇಳುತ್ತ ನಿಂತವಳು, ಅದು ಮುಗಿದ ಕೂಡಲೇ ಗುಂಡಿ ಒತ್ತಿದೆ. ನಿನಗೆ ನೀರು ಕಡಿಮೆ ಬೇಕಿತ್ತಲ್ಲವೇ? ತಗೋ, ನಾಲ್ಕು.

ಮಾತು ಮೆಷಿನ್ನಿನಿಂದ ಮೆಷಿನ್ನಿಗೆ ದಾಟಿತು. ಯಾರಿಗೂ ನಾನು ಮಾಡಿ ಎನ್ನಲಿಲ್ಲ. ಮಾಡುತ್ತಿದ್ದೇನೆ ಎಂದೆ, ಅಷ್ಟೇ. ತಿಂಗಳೊಳಗೆ ಆರೂ ಮೆಷಿನ್ನು ನಾಲ್ಕು ನೀರು ಕುಡಿಯತೊಡಗಿದವು. ಅತ್ತಿಗೆ ದಿನಕ್ಕೊಂದು ಗಂಟು ಚೊಕ್ಕ ಬಟ್ಟೆಯನ್ನು ಕಲೆ ಇದೆ ಎಂದು ಮತ್ತೆ ಒಗೆಯಲು ಕಳಿಸತೊಡಗಿದಳು. ಬಾಯ್ಲರಿನ ಕವಾಟ ಸಡಿಲವಾಗಿ ಹಗಲೆಲ್ಲ ಉಸ್ಸೆನ್ನುತ್ತಿತ್ತು. "ಉಗಿ ಹೋಗ್ತಿದೆಯಲ್ಲ ಮಾವ" ಎಂದರೆ, "ಹೋಗ್ಲಿ ಬಿಡೇ, ಅದು ಇಸ್ತ್ರಿಯ ಉಸಿರು" ಎನ್ನುತ್ತಿದ್ದ ಮಾವ.

ನೀರು ಯಾಕಿಷ್ಟು ಎಂದು ಯಜಮಾನರು ಇಸ್ತ್ರಿಯನ್ನು ಕೇಳುವರು. ಎಲ್ಲೋ ಪೈಪು ಒಡೆದಿದೆ ಎಂದು ಅವನು ಶೆಡ್ಡಿನ ನೆಲವನ್ನು ಎರಡು ಸಲ ಅಗೆಸಿದ. ಅಗೆದ ಹಳ್ಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಪ್ಯಾಂಟಿನ ಮಡಿಕೆ ಮರೆತು, ಒಳಗೆ ಇಣುಕುವನು. ಏನೂ ಸಿಗದು. ಆ ದಿನಗಳಲ್ಲಿ ನನಗೆ ಊಟ ಎಷ್ಟು ರುಚಿಸುತ್ತಿತ್ತೆಂದರೆ, ಎರಡು ತುತ್ತು ಹೆಚ್ಚೇ ಇಳಿಯುತ್ತಿತ್ತು.

ಆದರೆ ನಮ್ಮ ಮನೆ ಇರುವುದು ಲಾಂಡ್ರಿಯ ಹಿಂದಿನ ಗಲ್ಲಿಯಲ್ಲೇ. ನಮ್ಮ ಬೀದಿಯ ಕೈಪಂಪಿಗೂ ಲಾಂಡ್ರಿಯ ಬಾವಿಗೂ ನೆಲದಡಿಯ ನೀರು ಒಂದೇ. ಬಾವಿ ಇಳಿದಂತೆ ಕೈಪಂಪೂ ಕೆಮ್ಮತೊಡಗಿತು. ಮೊದಲು ಹತ್ತು ಸಲ ಒತ್ತಿದರೆ ತುಂಬುತ್ತಿದ್ದ ಕೊಡಕ್ಕೆ ಈಗ ಐವತ್ತು ಸಲ ಒತ್ತಬೇಕು. ಒಂದು ದಿನ ಪಂಪಿನ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಅತ್ತಿಗೆ ಹೇಳಿಯೇ ಬಿಟ್ಟಳು.

"ಎದುರಿಗೆ ಬರೋನಿಗೆ ಅಪಶಕುನ ಆಗ್ಲಿ ಅಂತ ಒಬ್ಬ ತನ್ನ ಮೂಗನ್ನೇ ಕೊಯ್ದುಕೊಂಡನಂತೆ. ನಮ್ಮದೂ ಅದೇ ಕತೆ ನೋಡು."

"ನೀನೂ ಮಾಡ್ತಿದೀಯಲ್ಲ?"

"ನಿನ್ನ ಮೂಗಿನ ಜೊತೆ ನಂದೂ ಹೋಯ್ತು ಅಂತಾನೇ ಹೇಳ್ತಿರೋದು. ತೋಳು ಬಿದ್ದುಹೋಗ್ತಿದೆ ಕಣೇ ನಂಗೆ. ಒತ್ತು, ಈಗ ನಿನ್ನ ಸರದಿ."

ಅಂಥ ಹೊತ್ತಿನಲ್ಲಿ ಬಂದವಳು ಮೀಟರಮ್ಮ.

ಮೊದಲ ಸಭೆ ಕ್ಯಾಂಟೀನಿನಲ್ಲಿ ನಡೆಯಿತು. ಗೋಡೆಗೆ ಬಣ್ಣದ ಪೋಸ್ಟರು ಅಂಟಿಸಿ, ನೀರು ಉಳಿಸುವುದು ಹೇಗೆ, ಉಗಿ ಉಳಿಸುವುದು ಹೇಗೆ ಎಂದು ಅರ್ಧ ಗಂಟೆ ಮಾತಾಡಿದಳು. ಒಳ್ಳೆಯ ಮಾತೇ. ನಾವು ಟೀ ಕುಡಿದೆವು. "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದಳು. "ಟೀಗೆ ಸಕ್ಕರೆ ಕಡಿಮೆ" ಎಂದ ಐದನೇ ಮೆಷಿನ್ನಿನವನು. ಹಿಂದೆ ನಿಂತಿದ್ದ ಇಸ್ತ್ರಿ ಜೋರಾಗಿಯೇ ಹೇಳಿದ: "ಇವರ ಮುಂದೆ ಕಿನ್ನರಿ ಬಾರಿಸಿ ಪ್ರಯೋಜನ ಇಲ್ಲ ಮೇಡಂ. ಗುಂಡಿಗಳಿಗೇ ಬೀಗ ಹಾಕಿಸೋಣ."

ಎರಡು ದಿನ ಕಳೆದ ಮೇಲೆ ಅವಳು ನನ್ನ ಮೆಷಿನ್ನಿನ ಹತ್ತಿರ ಬಂದಳು. ಕೈಯಲ್ಲಿ ಪೋಸ್ಟರಿರಲಿಲ್ಲ, ಕ್ಯಾಂಟೀನಿನ ನಾಲ್ಕು ಗಾಜಿನ ಲೋಟಗಳಿದ್ದವು. ನೀರು ಹೊರಹೋಗುವ ಕೊಳವೆಗೆ ಲೋಟ ಹಿಡಿದು, ಪ್ರತಿ ಸಲದ ನೀರನ್ನೂ ಒಂದೊಂದರಲ್ಲಿ ತುಂಬಿ, ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಒಂದನೆಯದು ಬೆಳ್ಳಗೆ ಮೋಡ ಮುಚ್ಚಿದ ಹಾಗಿತ್ತು. ಎರಡನೆಯದರ ಮೇಲೆ ಇನ್ನೂ ನೊರೆಯ ಉಂಗುರ. ಆಮೇಲೆ ಉಳಿದೆರಡು ಲೋಟಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಅದಲು ಬದಲು ಮಾಡಿ, ನನ್ನ ಮುಂದೆ ಹಿಡಿದಳು.

"ಹೇಳಿ ದೊಡ್ಡಕ್ಕ, ಯಾವುದು ಮೂರು, ಯಾವುದು ನಾಲ್ಕು?"

ಎರಡೂ ಕನ್ನಡಿಯಂತಿದ್ದವು. ನನಗೆ ಗೊತ್ತಾಗಲಿಲ್ಲ. ಆಗಲೇ ಹೊಳೆದದ್ದು: ಎರಡು ವರ್ಷದ ರೂಢಿಯಲ್ಲಿ ಅವಳ ಎದುರಿಗೇ ಗುಂಡಿ ಒತ್ತಿಬಿಟ್ಟಿದ್ದೆ, ನಾಲ್ಕನೆಯ ಲೋಟ ಅವಳ ಕೈಯಲ್ಲಿತ್ತು.

"ಇಸ್ತ್ರಿಗೆ ಹೇಳಿದ್ರಾ?"

"ಯಾರಿಗೂ ಹೇಳಿಲ್ಲ. ಬೀಗ ಹಾಕಿದ್ರೆ ನಾಲ್ಕನೇ ನೀರೊಂದು ನಿಲ್ಲುತ್ತೆ. ಬಾಯ್ಲರಿನ ಉಗಿ ನಿಲ್ಲುತ್ತಾ? ಮಡಿಸೋ ಮೇಜಿಂದ ವಾಪಸ್ ಬರೋ ಗಂಟು ನಿಲ್ಲುತ್ತಾ? ಅದಕ್ಕೆ ಜನ ಬೇಕು. ನನಗೆ ಒಂದೇ ಗೊತ್ತಾಗ್ಬೇಕು. ಯಾಕೆ?"

ಎರಡು ವರ್ಷದಲ್ಲಿ ಹಾಗೆ ಯಾಕೆ ಎಂದು ನನ್ನನ್ನು ಕೇಳಿದವಳು ಅವಳೊಬ್ಬಳೇ. ಹೇಳಿದೆ. ಗೇಟು, ಶೀಟು, ಸೊಂಟದ ಬೀಗದ ಕೈ, ಎಲ್ಲ. ಅವಳು ಎರಡನೆಯ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಹಂಗಾದ್ರೆ ಈ ಲೋಟಕ್ಕೇ ನಿಲ್ಲಿಸಿದ್ರು. ಈ ಸೋಪೇ ಶೀಟಲ್ಲಿ ಉಳಿದಿದ್ದು."

"ಹ್ಞೂಂ."

"ಇದನ್ನ ಎಲ್ಲರ ಮುಂದೆ ಇಡಬಹುದು ದೊಡ್ಡಕ್ಕ. ಆದ್ರೆ ಎರಡನೇ ಲೋಟ ತೋರಿಸಿ ನಾಲ್ಕನೇದು ಬಚ್ಚಿಡೋಕಾಗಲ್ಲ. ಇಟ್ರೆ ನಾಲ್ಕೂ ಇಡಬೇಕು."

"ನಾಲ್ಕೂ ಇಡಿ" ಎಂದೆ. "ನಾನು ಇಡೀ ಶೆಡ್ಡನ್ನ ಮೂರು ನೀರಿಗೆ ಇಳಿಸ್ತೀನಿ. ಅಷ್ಟೇ ಅಲ್ಲ, ಮೂರನೇ ನೀರನ್ನ ಮೋರಿಗೆ ಬಿಡದೆ ಒಂದು ತೊಟ್ಟಿಗೆ ಹಿಡಿದರೆ ಮುಂದಿನ ಲೋಡಿಗೆ ಸೋಪಿನ ನೀರು ಅದೇ ಆಗುತ್ತೆ. ಮನೇಲಿ ನಾವು ಹಾಗೇ ಮಾಡೋದು."

"ಅಯ್ಯೋ, ನನ್ನ ಪೋಸ್ಟರಲ್ಲಿ ಅದೇ ಬರೆದಿತ್ತಲ್ಲ!"

"ಪೋಸ್ಟರನ್ನ ಯಾರು ಓದ್ತಾರಮ್ಮ? ಕೇಳಿಸ್ಕೊಳ್ಳಿ. ಇಷ್ಟೆಲ್ಲ ಮಾಡಿಸ್ತೀನಿ. ಅದಕ್ಕೆ ಬದಲಾಗಿ ಇಸ್ತ್ರಿ ಆ ಗೇಟಲ್ಲಿ, ಪಾಳಿ ಬಿಡೋ ಹೊತ್ತಲ್ಲಿ, ಒದ್ದೆ ಶೀಟು ಹೊದ್ದು ನಿಲ್ಲಬೇಕು."

ಅವಳ ಮುಖ ಚಿಕ್ಕದಾಯಿತು. "ಒಬ್ಬರಿಗೆ ಅವಮಾನ ಮಾಡಿ ನೀರು ಉಳಿಸೋದು ನನ್ನ ಕೆಲಸ ಅಲ್ಲ."

"ನಿಮ್ಮ ಕೆಲಸ ಅಲ್ಲ. ನನ್ನದು."

ಆ ಸಂಜೆ ಅತ್ತಿಗೆಯ ಮನೆಯ ಮೆಟ್ಟಿಲ ಮೇಲೆ ಅತ್ತಿಗೆ, ಮಾವ, ನಾನು ಮೂವರೂ ಕೂತೆವು. ನಾಲ್ಕನೇ ಲೋಟ ನನ್ನದೆಂದು ಒಪ್ಪಿಕೊಂಡರೆ ನನ್ನನ್ನು ಕೆಲಸದಿಂದ ತೆಗೆಯುವುದಕ್ಕೆ ಇಸ್ತ್ರಿಗೆ ಬೇರೆ ಕಾರಣವೇ ಬೇಡ ಎಂದಳು ಅತ್ತಿಗೆ. "ಬಾವಿಗೆ ಅವನನ್ನ ತಳ್ಳೋಕೆ ಹೋಗಿ ನೀನೇ ಬೀಳ್ತೀಯಾ."

"ಅವನ ಅಂಗಿ ಹಿಡ್ಕೊಂಡೇ ಬೀಳ್ತೀನಿ" ಎಂದೆ.

ಮಾವ ಬೀಡಿ ಆರಿಸಿದ. "ಅವತ್ತು ನಾನು ನಡೆದುಬಿಟ್ಟೆ ಕಣೇ. ಅವನು ನಡೀರಿ ಅಂದ, ನಾನು ನಡೆದೆ. ಎತ್ತು ಕೂಡ ಒಂದು ಸಲ ಹಟ ಮಾಡುತ್ತೆ." ಅಷ್ಟು ಹೇಳಿ ಎದ್ದುಹೋದ.

ಎರಡನೆಯ ಸಭೆಗೆ ಯಜಮಾನರೂ ಬಂದರು. ಎಪ್ಪತ್ತು ದಾಟಿದವರು, ಒಳ್ಳೆಯವರು, ಆದರೆ ಜಗಳ ಕಂಡರೆ ಜ್ವರ ಬರುವಂಥವರು. ಮೀಟರಮ್ಮ ಮಾತಾಡಲಿಲ್ಲ. ಮೇಜಿನ ಮೇಲೆ ನಾಲ್ಕು ಲೋಟ ಇಟ್ಟು, ಪ್ರತಿಯೊಂದನ್ನೂ ಮೂಸಿ ನೋಡಿ ಎಂದಳು. ಯಜಮಾನರು ಎರಡನೆಯದನ್ನು ಮೂಸಿ ಮುಖ ಸಿಂಡರಿಸಿದರು.

"ಇದಿನ್ನೂ ಸೋಪಿನ ನೀರೇ ಅಲ್ವೇನಮ್ಮ?"

"ಹೌದು ಸಾರ್. ಎರಡಕ್ಕೆ ನಿಲ್ಲಿಸಿದ್ರೆ ಬಟ್ಟೇಲಿ ಸೋಪು ಉಳಿಯುತ್ತೆ. ಮೂರು ಸಾಕು. ನಾಲ್ಕನೇದು ಬರೀ ದಂಡ."

"ಮತ್ತೆ ನಾಲ್ಕನೇದು ಬಂತೆಲ್ಲಿಂದ? ಯಾರು ಬಿಡ್ತಾರೆ?"

ನಾನು ಬೆಂಚಿನಿಂದ ಎದ್ದೆ. "ನಾನು. ಎರಡು ವರ್ಷದಿಂದ. ದಿನಾ, ಪ್ರತಿ ಲೋಡಿಗೂ."

"ನೋಡಿದ್ರಾ ಸಾರ್!" ಇಸ್ತ್ರಿಯ ಮುಖ ದೀಪ ಹಚ್ಚಿದಂತೆ ಬೆಳಗಿತು. "ಹಾವಿಗೆ ಹಾಲೆರೆದ ಹಾಗಾಯ್ತು. ನಾನು ನೆಲ ಅಗೆಸಿ ಸಾಯ್ತಿದೀನಿ, ಇವಳು ಇಲ್ಲಿ ನಿಂತು ನೋಡ್ತಿದಾಳೆ! ಇವತ್ತೇ ಮನೆಗೆ ಕಳಿಸಿ ಸಾರ್."

"ಹಂಗಾದ್ರೆ ನನ್ನೂ ಕಳಿಸಿ" ಎಂದು ಅತ್ತಿಗೆ ಎದ್ದಳು. ಮೆಟ್ಟಿಲ ಮೇಲೆ ಬೇಡ ಎಂದವಳು ಅವಳೇ. "ನನ್ನ ಮೇಜಿಂದ ದಿನಾ ಒಂದು ಗಂಟು ಚೊಕ್ಕ ಬಟ್ಟೆ ಕೊಳೆ ಅಂತ ವಾಪಸ್ ಹೋಗಿದೆ."

ಮಾವ ಕೂತಲ್ಲಿಂದಲೇ ಹೇಳಿದ: "ಬಾಯ್ಲರಿನ ಕವಾಟ ಬಿಗಿ ಮಾಡೋಕೆ ಒಂದು ಪಾನಾ, ಹತ್ತು ನಿಮಿಷ ಸಾಕು. ಎರಡು ವರ್ಷ ಮುಟ್ಟಿಲ್ಲ. ನನ್ನೂ ಬರ್ಕೊಳ್ಳಿ."

"ಐದನೇ ಮೆಷಿನ್ನು ನಂದು." "ಒಂದು ನಂದು." "ಆರು."

ಯಜಮಾನರು ಕನ್ನಡಕ ತೆಗೆದು ಎಲ್ಲರನ್ನೂ ನೋಡಿದರು. "ಎಲ್ಲರನ್ನೂ ಮನೆಗೆ ಕಳಿಸಿ ಮೂರು ಆಸ್ಪತ್ರೆ ಬಟ್ಟೆ ನಾನೊಬ್ಬನೇ ಒಗೀಲೇನ್ರಪ್ಪಾ? ನಿಮಗೆಲ್ಲ ಏನಾಗಿದೆ?"

"ನಾಲ್ಕನೇ ಲೋಟ ನಂದು ಅಂತ ಒಪ್ಕೊಂಡೆ ಸಾರ್" ಎಂದೆ. "ಎರಡನೇ ಲೋಟ ಯಾರದು ಅಂತ ಕೇಳಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇಸ್ತ್ರಿ ಸೊಂಟ ಮುಟ್ಟಿಕೊಂಡ. ಬೀಗದ ಕೈ ಗಲ್ಲೆಂದಿತು. ಯಜಮಾನರು ಮುದುಕರಾದರೂ ಕಿವಿ ಚುರುಕು.

"ಏನಪ್ಪಾ?"

"ಅದು... ಆಗ ಲೋಡು ಜಾಸ್ತಿ ಇತ್ತು ಸಾರ್. ಒಂದೇ ಒಂದು ವಾರ. ಆಸ್ಪತ್ರೆಯವರೇನೂ ದೂರು ಕೊಡಲ್ಲ ಅಂದ್ಕೊಂಡೆ..."

"ನೀನು ನನಗೆ ಹೇಳಿದ್ದು ಬೇರೆ. ಆ ಹೆಂಗಸು ತೂಕಡಿಸ್ತಾ ಇತ್ತು, ಗುಂಡಿ ಒತ್ತಲಿಲ್ಲ ಅಂದೆ. ಗೇಟಲ್ಲಿ ನಿಲ್ಲಿಸಿದ್ದು ಸರಿಯಾಯ್ತು ಅಂತ ನಾನೂ ಅಂದೆ." ಯಜಮಾನರು ನನ್ನ ಕಡೆ ತಿರುಗಿದರು. "ಆಗಿದ್ದು ಆಗಿಹೋಯ್ತಮ್ಮ. ಮರೆತುಬಿಡಿ. ಇನ್ಮುಂದೆ ಎಲ್ಲರೂ ಸೇರಿ ನೀರು ಉಳಿಸೋಣ."

"ಶೀಟು ಹೊದ್ದವರು ನೀವಲ್ಲ ಸಾರ್, ಅದಕ್ಕೆ ಬೇಗ ಒಣಗಿದೆ. ನಂಗಿನ್ನೂ ಒದ್ದೆ ಇದೆ." ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಮೂರೇ ನೀರು. ಮೂರನೇದು ತೊಟ್ಟಿಗೆ. ಮೇಜಿಂದ ಸುಳ್ಳು ಗಂಟು ಬರಲ್ಲ. ಉಗಿ ನಿಲ್ಲುತ್ತೆ. ಮೂವತ್ತೆಂಟು ಜನರ ಪರವಾಗಿ ಹೇಳ್ತಿದೀನಿ. ತಿಂಗಳಲ್ಲಿ ಮೋಟರು ಗಾಳಿ ಎಳೆಯೋದು ನಿಲ್ಲದಿದ್ರೆ ನಾನೇ ಗೇಟು ದಾಟಿ ಹೋಗ್ತೀನಿ. ಆದ್ರೆ ಮೊದಲು ಇವರು ಅಲ್ಲಿ ನಿಲ್ಲಬೇಕು, ನಾನು ನಿಂತ ಹಾಗೆ."

"ಇದು ಬೇಡ ದೊಡ್ಡಕ್ಕ" ಎಂದಳು ಮೀಟರಮ್ಮ ಮೆಲ್ಲಗೆ. ನಾನು ಅವಳ ಕಡೆ ನೋಡಲಿಲ್ಲ.

ಇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದ. "ನಾನು ಕ್ಷಮೆ ಕೇಳ್ತೀನಿ. ಇಲ್ಲೇ, ಎಲ್ಲರ ಮುಂದೆ. ಸಾಕಲ್ವಾ?"

"ಬಾಯಿಂದ ಬಂದ ಕ್ಷಮೆ ಬಾಯಲ್ಲೇ ಒಣಗುತ್ತೆ ಸಾರ್."

"ನನಗೂ ಒಂದು ಮರ್ಯಾದೆ ಇದೆ!"

"ನನಗೂ ಇತ್ತು. ಅದೇ ಗೇಟಲ್ಲಿ ಬಿದ್ದಿದೆ. ಹೋಗಿ ಎತ್ಕೊಂಡು ಬನ್ನಿ."

ಅವನು ಯಜಮಾನರ ಮುಖ ನೋಡಿದ. ಯಜಮಾನರು ಎರಡನೆಯ ಲೋಟವನ್ನು ನೋಡುತ್ತಿದ್ದರು. "ನಾನು ಬಲವಂತ ಮಾಡಲ್ಲಪ್ಪ" ಎಂದರು ಕೊನೆಗೆ. "ಆದ್ರೆ ಬಾವಿ ಬತ್ತಿದ್ರೆ ಈ ಲಾಂಡ್ರಿ ಇರಲ್ಲ. ಈ ಜನ ಮನಸ್ಸು ಮಾಡಿದ್ರೆ ಬತ್ತಲ್ಲ. ನನಗೆ ಸುಳ್ಳು ಹೇಳಿದ್ದು ನೀನು. ನಿಲ್ಲೋಕಾಗಲ್ಲ ಅಂದ್ರೆ ಆ ಬೀಗದ ಕೈ ಮೇಜಿನ ಮೇಲಿಡು, ಹೋಗು."

ಇಸ್ತ್ರಿಯ ಕೈ ಸೊಂಟಕ್ಕೆ ಹೋಗಿ ವಾಪಸು ಬಂತು. ಬೀಗದ ಕೈ ಸೊಂಟದಲ್ಲೇ ಉಳಿಯಿತು.

"ಐದು ನಿಮಿಷ" ಎಂದ.

"ಇಪ್ಪತ್ತು."

"ಒಣಗಿದ ಶೀಟು."

"ಒದ್ದೆ."

"ಹತ್ತು ನಿಮಿಷ, ಅರ್ಧ ಒಣಗಿದ್ದು."

"ಇದೇನು ಸಂತೆ ವ್ಯಾಪಾರಾನಾ ಸಾರ್? ಇಪ್ಪತ್ತು ನಿಮಿಷ, ಒದ್ದೆ. ಆದ್ರೆ ಸೋಪಿರಲ್ಲ. ಮೂರೂ ನೀರು ತೆಗೆದಿರ್ತೀನಿ. ನಿಮಗೆ ಮೈ ತುರಿಸಲ್ಲ. ಅಷ್ಟು ರಿಯಾಯಿತಿ."

ಹಿಂದಿನ ಬೆಂಚಿನಲ್ಲಿ ಯಾರೋ ನಗು ತಡೆಯಲಾರದೆ ಟೀ ಉಗುಳಿದರು.

ಮಾರನೆಯ ದಿನ ಮೀಟರಮ್ಮ ಬೆಳಿಗ್ಗೆಯೇ ನನ್ನ ಹತ್ತಿರ ಬಂದಳು. "ತೊಟ್ಟಿಗೆ ಪೈಪಿನವರು ನಾಳೆ ಬರ್ತಾರೆ. ಮಧ್ಯಾಹ್ನ ನಾನು ಗೇಟಲ್ಲಿ ಇರಲ್ಲ ದೊಡ್ಡಕ್ಕ. ನಿಮ್ಮ ಮಾವನ ಜೊತೆ ಬಾಯ್ಲರ್ ಹತ್ತಿರ ಇರ್ತೀನಿ."

"ಮಾವ ಬರಲ್ವಂತಾ?"

"ಅವತ್ತು ನಡೆದುಹೋದವನಿಗೆ ಇವತ್ತು ನಿಂತು ನೋಡೋ ಯೋಗ್ಯತೆ ಇಲ್ಲ ಅಂದ್ರು. ಪಾನಾ ಹುಡುಕ್ತಿದ್ರು."

ಶೀಟನ್ನು ನಾನೇ ಆರಿಸಿದೆ. ದೊಡ್ಡದು, ದಪ್ಪನೆಯದು, ನೀರು ಹಿಡಿದರೆ ಬಿಡದಂಥದು. ಮೂರು ನೀರು ತೆಗೆದೆ. ಮೂರನೆಯದು ಇಳಿದ ಮೇಲೆ ಗುಂಡಿ ಮುಟ್ಟಲಿಲ್ಲ. ಹಿಂಡಲೂ ಇಲ್ಲ. ಮೆಷಿನ್ನಿನಿಂದ ಗೇಟಿನವರೆಗೆ ಅದು ನೆಲದ ಮೇಲೆ ಗೆರೆ ಎಳೆದುಕೊಂಡು ಬಂತು.

ಇಸ್ತ್ರಿ ಆಗಲೇ ಬಂದು ನಿಂತಿದ್ದ. ಅವತ್ತೂ ಗರಿಗರಿ ಅಂಗಿ, ಬಿಳಿಯದು. ನಾನು ಶೀಟನ್ನು ಕೊಡವಿ ಅವನ ಹೆಗಲಿಗೆ ಹೊದಿಸಿದೆ. ಅಂಗಿ ಒಂದೇ ಕ್ಷಣದಲ್ಲಿ ಸೋತು ಮೈಗೆ ಅಂಟಿಕೊಂಡಿತು. ಒಳಗೆ ಅವನು ನಾನೆಣಿಸಿದ್ದಕ್ಕಿಂತ ಸಣಕಲು.

ಗಂಟೆ ಹೊಡೆಯಿತು. ಬೆಳಗಿನ ಪಾಳಿಯವರು ಹೊರಬಂದರು, ಮಧ್ಯಾಹ್ನದವರು ಒಳಬಂದರು. ನನ್ನ ಸಲ ಎಲ್ಲರೂ ತಲೆ ತಗ್ಗಿಸಿದ್ದರು. ಈ ಸಲ ಯಾರೂ ತಗ್ಗಿಸಲಿಲ್ಲ. ನೆಟ್ಟಗೆ ನೋಡಿದರು,  ನಿಧಾನವಾಗಿ ನಡೆದರು. ಐದನೇ ಮೆಷಿನ್ನಿನವನು ಬೀಡಿ ಮರೆತವನಂತೆ ಎರಡು ಸಲ ಒಳಗೆ ಹೋಗಿ ಎರಡು ಸಲ ಹೊರಗೆ ಬಂದ. ಅತ್ತಿಗೆ ಇಸ್ತ್ರಿಯ ಮುಂದೆ ನಿಂತು, ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿ, "ಮಡಿಕೆ ಸರಿಯಾಗಿ ಬಿದ್ದಿಲ್ಲ" ಎಂದು ಶೀಟಿನ ಅಂಚನ್ನು ನೇರ ಮಾಡಿ ಹೋದಳು.

"ತುಂಬಾ ತಣ್ಣಗಿದೆ" ಎಂದ ಅವನು ನನ್ನ ಕಡೆ ತಿರುಗದೆ.

"ಹತ್ತನೇ ನಿಮಿಷಕ್ಕೆ ಅಭ್ಯಾಸ ಆಗುತ್ತೆ ಸಾರ್. ಹದಿನೈದನೇ ನಿಮಿಷಕ್ಕೆ ಮತ್ತೆ ಶುರುವಾಗುತ್ತೆ."

ಹೊಟ್ಟೆ ತಣ್ಣಗಾಯಿತೇ ಎಂದು ಕೇಳಿದರೆ, ಆಯಿತು. ಸುಳ್ಳು ಹೇಳುವುದಿಲ್ಲ. ದೊಡ್ಡ ಮನಸ್ಸಿನವರು ಇಂಥ ಹೊತ್ತಿನಲ್ಲಿ ಶೀಟು ತೆಗೆದು, ಹೋಗಲಿ ಬಿಡಿ ಎನ್ನುತ್ತಾರಂತೆ. ನನಗೆ ಅಷ್ಟು ದೊಡ್ಡ ಮನಸ್ಸು ಎಲ್ಲಿಂದ ಬರಬೇಕು? ಗೋಡೆಗೊರಗಿ, ಕೈ ಕಟ್ಟಿಕೊಂಡು, ಒಂದೊಂದು ನಿಮಿಷವನ್ನೂ ಚಪ್ಪರಿಸಿ ನೋಡಿದೆ. ಅವನ ಹಲ್ಲು ಕಟಕಟ ಎನ್ನುವುದೂ ಕೇಳಿಸಿತು. ಶೆಡ್ಡಿನ ಹಿಂದೆ ಎರಡು ವರ್ಷದಿಂದ ಉಸ್ಸೆನ್ನುತ್ತಿದ್ದ ಸದ್ದು ಸಣ್ಣಗಾಗಿ, ಸಣ್ಣಗಾಗಿ, ನಿಂತೇ ಹೋಯಿತು.

ಹದಿನಾಲ್ಕನೇ ನಿಮಿಷಕ್ಕೆ ಆಸ್ಪತ್ರೆಯ ವ್ಯಾನು ಬಂದು ಹಾರ್ನು ಹೊಡೆಯಿತು. ಹೊಸ ಡ್ರೈವರು. ಇಳಿದವನೇ ಹಿಂದಿನ ಬಾಗಿಲು ತೆರೆದು, ಕೊಳೆ ಬಟ್ಟೆಯ ಗಂಟೊಂದನ್ನು ಎಳೆಯುತ್ತ ಇಸ್ತ್ರಿಯ ಕಡೆ ನೋಡಿದ.

"ಏನಣ್ಣಾ, ನಡು ಮಧ್ಯಾಹ್ನ ಹೊದ್ಕೊಂಡು ನಿಂತಿದೀಯಾ, ಜ್ವರಾನಾ? ಬಾ, ಹಿಡ್ಕೋ. ನಂಗೆ ಇನ್ನೂ ಎರಡು ಕಡೆ ಹೋಗ್ಬೇಕು."

ಇಸ್ತ್ರಿ ನನ್ನ ಮುಖ ನೋಡಿದ. ಹೇಳು, ನಾನು ಯಾರೆಂದು ಅವನಿಗೆ ಹೇಳು ಎಂಬಂತಿತ್ತು ಆ ನೋಟ.

"ಇನ್ನೂ ಆರು ನಿಮಿಷ ಇದೆ" ಎಂದೆ. "ಹಿಡ್ಕೊಳ್ಳಿ."

ಅವನು ಬಗ್ಗಿದ. ಶೀಟು ಜಾರದಂತೆ ಒಂದು ಕೈಯಲ್ಲಿ ಕತ್ತಿನ ಹತ್ತಿರ ಹಿಡಿದು, ಇನ್ನೊಂದು ಕೈಯಿಂದ ಗಂಟನ್ನು ಎಳೆಯಲು ನೋಡಿದ. ಆಗಲಿಲ್ಲ. ಕೊನೆಗೆ ಎರಡೂ ಕೈ ಹಾಕಿ ಎದೆಗವಚಿಕೊಂಡು ಎತ್ತಿದ. ಶೀಟಿನ ತುದಿ ಕಾಲಿಗೆ ತೊಡರಿಕೊಳ್ಳುತ್ತಿತ್ತು. ಅಂಗಳ ದಾಟಿ, ಶೆಡ್ಡಿನ ಬಾಗಿಲ ಬಳಿಯ ತಕ್ಕಡಿಯ ಮೇಲೆ ಗಂಟನ್ನು ಧೊಪ್ಪನೆ ಇಳಿಸಿದ. ಮುಳ್ಳು ಅತ್ತಿತ್ತ ಹೊಯ್ದಾಡಿತು. ಒಂದು ದಿನವೂ ಗಂಟು ತೂಗಿದವನಲ್ಲ, ತೂಕ ಓದುವ ಮೊದಲು ಮುಳ್ಳು ನಿಲ್ಲುವವರೆಗೆ ಕಾಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ ಅಲ್ಲೇ ನಿಂತ. ಅವನ ಹೆಗಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಳ್ಳು ನಲವತ್ತೊಂದು ಕಿಲೋಗೆ ಬಂದು ನಿಂತಿತು, ನಾವು ದಿನಾ ಎತ್ತುವ ಗಂಟಿನ ತೂಕ.